ಬರೆಯಬಾರದ ವಿಷಯಗಳು

ಅಂಚೆಯವನ ಕೈಯಿಂದ ಲಕೋಟೆಯನ್ನು ಹೆಂಡತಿ ಇಸಿದುಕೊಳ್ಳುವಷ್ಟರಲ್ಲಿ ಇನ್ಸ್‌ಪೆಕ್ಟರ್ ಕಸಿದುಕೊಂಡಿದ್ದ. ಒಂದು ಕೆನ್ನೆಗೆ ಇನ್ನೂ ಶೇವಿಂಗ್ ಸೋಪಿನ ನೊರೆ ಅಂಟಿತ್ತು.

"ಯಾರ್ದು?" ಎಂದಳು ಹೆಂಡತಿ.

"ಆಫೀಸಿಂದು."

"ಆಫೀಸಿನೋರು ಮನೆಗ್ಯಾಕೆ ಬರೀತಾರೆ?"

"ಗುಟ್ಟಿನ ವಿಷಯ," ಎಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ.

ಪೊಲೀಸ್ ಇನ್ಸ್‌ಪೆಕ್ಟರ್ ಅಲ್ಲ, ಅಂಗಡಿಗಳ ತಕ್ಕಡಿ ಪರೀಕ್ಷಿಸುವವನು. ಹತ್ತು ಗ್ರಾಂ ಕಡಿಮೆ ತೂಗಿದವನಿಗೂ ಬೆವರಿಳಿಸಿ ಬರುವ ಆಸಾಮಿ. ಈಗ ಲಕೋಟೆ ಹರಿದು ಓದಿದ. 'ಮಾನ್ಯ ಗ್ರಾಹಕರೇ, ನಮ್ಮಲ್ಲಿದ್ದ ನಿಮ್ಮ ಮಾಹಿತಿ ಕಳವಾಗಿರುವ ಸಾಧ್ಯತೆಯಿದೆ. ನಿಮ್ಮ ಗುಟ್ಟು ಕಾಪಾಡುವುದೇ ನಮ್ಮ ಉಸಿರು.' ಉಸಿರು ಹೋಗಿ ಎರಡು ತಿಂಗಳಾದ ಮೇಲೆ ಕಾಗದ ಹಾಕಿದ್ದರು, ಪುಣ್ಯಾತ್ಮರು.

ಆ ಕಂಪನಿಯ ಕಸುಬು ಕವನ ಬರೆದುಕೊಡುವುದು. ಹನ್ನೊಂದು ವರ್ಷದಿಂದ, ಮದುವೆಯಾದ ದಿನ ಬಂತೆಂದರೆ ಇನ್ಸ್‌ಪೆಕ್ಟರ್ ಅಲ್ಲಿಂದ ಒಂದು ಕವನ ತರಿಸಿ, ತನ್ನ ಅಕ್ಷರದಲ್ಲಿ ನಕಲು ಮಾಡಿ ಹೆಂಡತಿಗೆ ಕೊಡುತ್ತಿದ್ದ. ಅವಳು ಓದುತ್ತ ಓದುತ್ತ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಭುಜಗಳು ಅಲುಗುತ್ತಿದ್ದವು. ಪಾಪ, ಅಷ್ಟು ಮೆದು ಮನಸ್ಸು. "ನಿಮ್ಮ ಹಾಗೆ ಬರೆಯೋರು ಇನ್ನೊಬ್ಬರಿಲ್ಲ ಕಣ್ರೀ," ಎನ್ನುತ್ತಿದ್ದಳು.

ಕವನ ಕೊಂಡದ್ದು ಹೊರಬಿದ್ದರೆ ಹೋಗುವುದು ಮಾನ ಮಾತ್ರ. ಆದರೆ ಕಂಪನಿಯ ಅರ್ಜಿಯ ಕೊನೆಯಲ್ಲಿ ಒಂದು ಅಂಕಣವಿತ್ತು: 'ಕವನದಲ್ಲಿ ಬರೆಯಬಾರದ ವಿಷಯಗಳು'. ಜಾಗ ಸಾಲದಿದ್ದರೆ ಬೇರೆ ಹಾಳೆ ಲಗತ್ತಿಸಿ ಎಂದಿತ್ತು. ಇನ್ಸ್‌ಪೆಕ್ಟರ್ ಲಗತ್ತಿಸಿದ್ದ, ವರ್ಷ ವರ್ಷವೂ.

ಅವನು ತನ್ನ ಆಫೀಸಿನ ಬೀರುವಿನಲ್ಲಿ ಶಿಸ್ತಾಗಿ ಇಟ್ಟುಕೊಂಡಿದ್ದ ಆ ಹಾಳೆಗಳ ನಕಲನ್ನು ಗ್ರಾಹಕ ಸಲಹಾ ಕೇಂದ್ರದ ಲಾಯರಮ್ಮ ಕನ್ನಡಕ ಏರಿಸಿ ಓದಿದರು. "'ಅಡುಗೆಗೆ ಉಪ್ಪು ಸುರಿಯುತ್ತಾಳೆ. ಗೊರಕೆ ಹೊಡೆಯುತ್ತಾಳೆ. ಹೊತ್ತುಗೊತ್ತಿಲ್ಲದೆ ಕಂಪ್ಯೂಟರ್ ಮುಂದೆ ಕೂತು ಅದೇನೋ ಟೈಪ್ ಮಾಡುತ್ತಾಳೆ. ಅವಳ ತಂಗಿ ಬಂದರೆ ಹೋಗುವುದೇ ಇಲ್ಲ...' ಸರ್, ಇಷ್ಟೆಲ್ಲ ಬೇಕಿತ್ತಾ?"

"ಅರ್ಜಿ ಅಂದ್ಮೇಲೆ ಪೂರ್ತಿ ತುಂಬಬೇಕು ಮೇಡಂ. ಉಪ್ಪಿಂದು ಹಳೇ ದೂರು ಬಿಡಿ. ಈಗೀಗ ಉಪ್ಪು ಹಾಕೋದನ್ನೇ ಬಿಟ್ಟಿದ್ದಾಳೆ."

"ಇದೆಲ್ಲ ಮನೆಯವರಿಗೆ ಗೊತ್ತಾದ್ರೆ?"

"ಗೊತ್ತಾದ್ರೆ ನನ್ನ ಸಂಸಾರ ಮುಗೀತು. ಅವಳಿಲ್ದೆ ನಂಗೆ ಕಾಲುಚೀಲದ ಜೋಡಿ ಕೂಡ ಸಿಗಲ್ಲ." ದೂರು ಎಷ್ಟೇ ಬರೆದಿರಲಿ, ಅವಳು ಹೊರಟುಹೋಗುತ್ತಾಳೆ ಎಂಬ ಭಯ ನಿಜವಾದದ್ದೇ.

ಲಾಯರಮ್ಮ ಇರುವ ದಾರಿಗಳನ್ನು ಹೇಳಿದರು. ನಷ್ಟಪರಿಹಾರ ಕೇಳಬಹುದು, ಆದರೆ ನಷ್ಟವನ್ನು ಸಾಬೀತು ಮಾಡಲು ಈ ಹಾಳೆಗಳನ್ನು ಜನ ತುಂಬಿದ ನ್ಯಾಯಾಲಯದಲ್ಲಿ ಗಟ್ಟಿಯಾಗಿ ಓದಬೇಕು. ಉಳಿದ ಗ್ರಾಹಕರ ಜೊತೆ ಸೇರಿ ದಾವೆ ಹೂಡಬಹುದು. ಎಲ್ಲರ ಹೆಸರೂ ಪತ್ರಿಕೆಯಲ್ಲಿ ಬರುತ್ತದೆ. ಮಾಹಿತಿ ಅಳಿಸಿಹಾಕಿ ಎನ್ನಬಹುದು; ಅಳಿಸಿದ್ದೇವೆಂಬ ಪತ್ರ ಮನೆಗೇ ಬರುತ್ತದೆ, ಮನೆಯಲ್ಲಿದ್ದವರು ಸಹಿ ಹಾಕಿ ತೆಗೆದುಕೊಳ್ಳಬಹುದು. ಗುಟ್ಟು ಉಳಿಸಲು ಕಾನೂನು ಕೊಟ್ಟ ದಾರಿಗಳೆಲ್ಲ ಊರಿಗೆಲ್ಲ ಡಂಗುರ ಹೊಡೆಸುವಂಥವೇ.

"ಇನ್ನೊಂದಿದೆ," ಎಂದರು ಲಾಯರಮ್ಮ. "ನಿಮ್ಮ ಮಾಹಿತಿನ ಯಾರ್ಯಾರು ನೋಡಿದ್ದಾರೆ, ಹೆಸರು ವಿಳಾಸ ಕೊಡಿ ಅಂತ ಕೇಳೋ ಹಕ್ಕು."

ಇನ್ಸ್‌ಪೆಕ್ಟರ್ ನೆಟ್ಟಗೆ ಕೂತ. ನಾಲ್ಕು ವರ್ಷದಿಂದ ಅವನನ್ನು ಕೊರೆಯುತ್ತಿದ್ದ ಸಂಗತಿಯೊಂದಿತ್ತು. ಒಂದು ಕವನದಲ್ಲಿ ಹೆಂಡತಿಯ ಮೊಣಕೈ ಹಿಂದಿನ ಸುಟ್ಟ ಕಲೆಯ ವರ್ಣನೆ ಬಂದಿತ್ತು. ಅದನ್ನು ಅವನು ಅರ್ಜಿಯಲ್ಲಿ ಬರೆದಿರಲಿಲ್ಲ. ಬರೆಯಲು ಅಂಥದೊಂದು ಕಲೆ ಇದೆಯೆಂದೇ ಗೊತ್ತಿರಲಿಲ್ಲ. ಅವಳು ಬಟ್ಟೆ ಒಣಹಾಕುವಾಗ ಕದ್ದು ನೋಡಿದರೆ, ಇತ್ತು. ಈ ಕವಿ ಯಾವನು? ಎಲ್ಲಿ ನಿಂತು ನೋಡಿದ? ಹೆಂಡತಿಯನ್ನು ಕೇಳುವ ಹಾಗೂ ಇಲ್ಲ. ಅವಳ ಲೆಕ್ಕದಲ್ಲಿ ಕವಿ ಅವನೇ ತಾನೆ.

"ಅದನ್ನೇ ಹಾಕಿ ಮೇಡಂ," ಎಂದ. "ಯಾವನೇ ಆಗಿರ್ಲಿ, ಬಿಡಲ್ಲ. ಉತ್ತರ ಮಾತ್ರ ನಿಮ್ಮ ವಿಳಾಸಕ್ಕೇ ಬರ್ಲಿ."

ಮೂರು ವಾರ ಕಳೆಯಿತು. ಮದುವೆಯಾದ ದಿನ ಹತ್ತಿರ ಬಂತು. ಕಂಪನಿಗೆ ನೋಟಿಸ್ ಕೊಟ್ಟ ಕೈಯಲ್ಲೇ ಕವನವನ್ನೂ ಕೊಡಿ ಎಂದು ಕೇಳುವುದು ಹೇಗೆ?

"ಈ ಸಲ ಕವನ ಇಲ್ವಾ?" ಎಂದು ಹೆಂಡತಿ ಬೆಳಗಿನ ಕಾಫಿ ಕೊಡುತ್ತ ಕೇಳಿದಳು.

"ಸ್ಫೂರ್ತಿ ಬರ್ಬೇಕಲ್ಲ."

"ಬೇಗ ಬರ್ಲಿ. ಕೊನೇ ಗಳಿಗೇಲಿ ಬಂದ್ರೆ ಪ್ರಾಸ ಕೂಡಲ್ಲ."

ಅವಳ ಮುಗ್ಧತೆ ಕಂಡು ಅವನಿಗೆ ಪಾಪ ಎನಿಸಿತು. ಇಂಥವಳನ್ನು ಯಾವನೋ ಕದ್ದು ನೋಡಿದ್ದಾನಲ್ಲ ಎಂದು ಹಲ್ಲು ಕಡಿದ.

ಲಾಯರಮ್ಮನ ಫೋನು ಬಂದದ್ದು ಅಂದೇ. ಇನ್ಸ್‌ಪೆಕ್ಟರ್ ಅರ್ಧ ಪರೀಕ್ಷಿಸಿದ ತೂಕದ ಬಟ್ಟನ್ನು ಅಂಗಡಿಯಲ್ಲೇ ಬಿಟ್ಟು ಓಡಿದ. ಅವರು ಕಂಪನಿಯ ಪತ್ರ ಬಿಡಿಸಿ ಓದತೊಡಗಿದರು.

'ನಿಮ್ಮ ಕಡತವನ್ನು ಕಳ್ಳರು ತೆರೆದೇ ಇಲ್ಲವೆಂದು ತಿಳಿಸಲು ಹರ್ಷಿಸುತ್ತೇವೆ. ಹನ್ನೊಂದು ವರ್ಷವೂ ಅದನ್ನು ಓದಿರುವವರು, ಮನೆಯಿಂದಲೇ ಕೆಲಸ ಮಾಡುವ ನಮ್ಮ ಕವಿ ಒಬ್ಬರೇ. ಲಗತ್ತಿಸಿದ ಹಾಳೆಗಳನ್ನಂತೂ ಅವರು ಪ್ರತಿ ವರ್ಷ ಕೇಳಿ ಪಡೆದು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ನೀವು ಅವರನ್ನೇ ನೇರವಾಗಿ ವಿಚಾರಿಸಿಕೊಳ್ಳಲು ಅನುಕೂಲವಾಗಲೆಂದು ಹೆಸರು, ವಿಳಾಸ ಕೆಳಗೆ ಕೊಟ್ಟಿದೆ.'

"ಸಿಕ್ಕಿಬಿದ್ದ ಕಳ್ಳ," ಎಂದು ಇನ್ಸ್‌ಪೆಕ್ಟರ್ ತೋಳು ಮಡಿಸಿದ. "ಹೆಸರು ಓದಿ ಮೇಡಂ."

ಲಾಯರಮ್ಮ ಓದಿದರು: ಹೆಸರು ಅವನ ಹೆಂಡತಿಯದು, ವಿಳಾಸ ಅವನ ಮನೆಯದೇ.