ಹಾಡಿನ ಅರ್ಥ

ಸೇವು, ಶೇಂಗಾಕ್ಕೆ ಬೆಳ್ಳುಳ್ಳಿ ಹಾಕಿ ಕಲಸಿದ ಖಾರದ ವಾಸನೆ ಬಂದರೆ ಇಂದಿಗೂ ನನಗೆ ಸವಣೂರಿನ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಎಂಟು ವರ್ಷ. ಹಿರೇಕೆರೂರಿನ ಗಂಡನ ಮನೆಯಿಂದ ಬಂದ ಅಕ್ಕ ತಿಂಗಳಾದರೂ ಮರಳಿ ಹೋಗಿರಲಿಲ್ಲ. ಮಾಯಾಲೋಕಕ್ಕೆ ಹೋಗಿಬರುವ ಹುಡುಗಿಯ ಕಥೆಪುಸ್ತಕವನ್ನು ನನಗೆ ಮೂರು ಸಲ ಓದಿ ಹೇಳಿದ್ದಳು. ಅವ್ವ ಮಾತ್ರ ದಿನವೂ, "ಯಾವಾಗ ಹೊಂಟೀಯವ್ವಾ? ಮಂದಿ ಕೇಳಾಕತ್ತಾರ" ಎನ್ನುತ್ತಿದ್ದಳು.

ಆ ಭಾನುವಾರ ಅದೇ ಕಥೆಯ ಇಂಗ್ಲಿಷ್ ಸಿನಿಮಾ ಟಿ.ವಿ.ಯಲ್ಲಿ ಬಂತು. ಮಾತಿಗಿಂತ ಹಾಡುಗಳೇ ಹೆಚ್ಚು. ಪ್ರತಿ ಹಾಡಿಗೂ ಅಕ್ಕ ಅರ್ಥ ಹೇಳುತ್ತಿದ್ದಳು. ಅವ್ವನೂ ಖಾರ ಕಲಸುವ ಬುಟ್ಟಿಯೊಂದಿಗೆ ನಮ್ಮ ಪಕ್ಕಕ್ಕೆ ಬಂದು ಕುಳಿತಳು. ಕೊನೆಗೆ ಆ ಹುಡುಗಿ ತನ್ನ ಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹಾಡತೊಡಗಿದಳು. ಈ ಹಾಡಿಗೆ ಅಕ್ಕ ಅರ್ಥ ಹೇಳದೆ ಅವ್ವನ ಕಡೆ ತಿರುಗಿದಳು.

"ಏನಂತಾಳ ಆಕಿ?" ಅವ್ವ ಕೇಳಿದಳು.

"ಒಳಗ ಬರ್ಲೇನವ್ವಾ, ಇಲ್ಲೇ ಇರ್ಲೇನು ಅಂತ ಕೇಳಾಕತ್ತಾಳ," ಎಂದಳು ಅಕ್ಕ.

ಆ ಮಾತು ಪುಸ್ತಕದಲ್ಲಿ ಎಲ್ಲೂ ಇಲ್ಲವೆಂದು ನನಗೆ ಗೊತ್ತಿತ್ತು.

ಅವ್ವ ತುಸು ಹೊತ್ತು ಅಕ್ಕನ ಮುಖವನ್ನೇ ನೋಡಿದಳು. ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ತನ್ನ ಮನಿಗೆ ಬರಾಕ ಯಾರರ ಕೇಳ್ತಾರೇನ, ಹುಚ್ಚಿ?"

ನಂತರ ಪಡಸಾಲೆಯಲ್ಲಿ ಮಲಗಿದ್ದ ಅಪ್ಪನನ್ನು ಎಬ್ಬಿಸಿದಳು. "ನಾಳೆ ಹಿರೇಕೆರೂರಿಗೆ ಹೋಗಿ ಬರ್ರಿ. ಮಗಳ ಸಾಮಾನು ಒಂದೂ ಅಲ್ಲಿ ಬಿಡಬ್ಯಾಡ್ರಿ."

ಮರುದಿನ ಸಂಜೆ ಅಪ್ಪ ಅಕ್ಕನ ಹೊಲಿಗೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ಬಸ್ಸಿನಿಂದ ಇಳಿದ.