ಈಲಿಯ ಪಾಲು

“ಲೇ ಪಾಪಣ್ಣ, ಈಲಿ ಎಲ್ಲೋ?”

ಅಂಜನಪ್ಪ ಕೇಳಿದ್ದು ಇಷ್ಟೇ. ಪಾಪಣ್ಣನ ಕೈಯಲ್ಲಿದ್ದ ಮಚ್ಚು ಮರದ ತುಂಡಿನ ಮೇಲೆ ಹಾಗೇ ನಿಂತುಬಿಟ್ಟಿತು. ತಾಳ್ಯದ ಹುಣಸೆಮರದ ಕೆಳಗೆ ಹಾಸಿದ ಗೋಣಿಯ ಮೇಲೆ ಹಂದಿಮಾಂಸದ ಹದಿನಾಲ್ಕು ಗುಡ್ಡೆ ಸಾಲಾಗಿ ಕೂತಿದ್ದವು. ಹದಿನಾಲ್ಕು ಮನೆಯವರು ಕೂಡಿ ಕೊಂಡ ಹಂದಿ. ತೊಡೆ, ಪಕ್ಕೆಲುಬು, ಕೊಬ್ಬು ಎಲ್ಲ ಗುಡ್ಡೆಗೂ ಬಿದ್ದಿದ್ದವು; ಈಲಿ ಮಾತ್ರ ಎಲ್ಲೂ ಒಂದು ಚೂರಿರಲಿಲ್ಲ. ಈಲಿಯನ್ನು ಕೆಂಡದ ಮೇಲೆ ಸುಟ್ಟು ಬಾಯಿಗೆ ಹಾಕಿಕೊಳ್ಳದೆ ಅಂಜನಪ್ಪನಿಗೆ ಪಾಲಿನ ದಿನವೇ ಶುರುವಾಗುತ್ತಿರಲಿಲ್ಲ. ಅವನ ಕಣ್ಣು ತಪ್ಪಿಸುವುದುಂಟೇ!

ಈಲಿ ಇದ್ದದ್ದು ಪಾಪಣ್ಣನ ಬುಟ್ಟಿಯಲ್ಲಿ, ಕರುಳಿನ ಒಳಗೆ. ಕೊಯ್ಯುವವನ ಕೂಲಿ ಕರುಳು, ಅದು ಊರಿನ ರೂಢಿ. ಕರುಳು ತೊಳೆಯಲೆಂದು ಬೋರ್‌ವೆಲ್ ಹತ್ತಿರ ಹೋದವನು ಈಲಿಯನ್ನು ಸೀಳಿ ಸೀಳಿ ಅದರೊಳಗೆ ತುಂಬಿ, ಎರಡೂ ತುದಿಗೆ ದಾರ ಬಿಗಿದುಬಿಟ್ಟಿದ್ದ. ಅವನ ಕೂಲಿಯ ಕರುಳಿಗೆ ಯಾರು ಕೈ ಹಾಕಿ ನೋಡುತ್ತಾರೆ?

ಮನೆಯಲ್ಲಿ ಮಗಳು ಜಯಶೀಲಾ ಹದಿನೆಂಟು ದಿನದ ಬಾಣಂತಿ. ಎದ್ದು ನಿಂತರೆ ಕಣ್ಣು ಕತ್ತಲೆ. ಮಗುವನ್ನು ಎತ್ತಿಕೊಳ್ಳಲು ಅವಳಿಗೇ ಭಯ. ಮಾತ್ರೆ ನುಂಗಿದರೆ ವಾಂತಿ. ಅವಳಮ್ಮ ಬೊಮ್ಮಕ್ಕ ಸೊಪ್ಪು ಬೇಯಿಸಿ ಬೇಯಿಸಿ ಸೋತಿದ್ದಳು. “ರಕ್ತ ಏಳಕ್ಕೆ ಇಳಿದೈತೆ. ಲಿವರ್ ತಿನ್ಸ್ರಿ, ಅದೇ ಈಲಿ. ಹಂದೀದಾದ್ರೆ ಇನ್ನೂ ಒಳ್ಳೇದು, ಕಬ್ಬಿಣದಂಶ ಅದ್ರಾಗೆ ಜಾಸ್ತಿ. ಚೆನ್ನಾಗಿ ಬೇಯ್ಸಿ ಕೊಡ್ರಿ” ಎಂದಿದ್ದಳು ನರ್ಸಮ್ಮ. ಕೆಸರಲ್ಲಿ ಹೊರಳುವ ಪ್ರಾಣಿಗೆ ಅಷ್ಟು ಕಬ್ಬಿಣ ಎಲ್ಲಿಂದ ಬಂತೋ ಪಾಪಣ್ಣನಿಗೆ ತಿಳಿಯದು. ಆದರೂ ನಂಬಿದ್ದ. ಹೊಳಲ್ಕೆರೆಯ ಅಂಗಡಿಯಲ್ಲಿ ಕುರಿಯ ಈಲಿ ಕೇಳಿದರೆ, ಒಂದು ಕಿಲೋ ಮಾಂಸದ ಜೊತೆ ಹೆಬ್ಬೆರಳಿನಷ್ಟು ಹಾಕಿ ಮಹಾ ಉಪಕಾರ ಮಾಡಿದವರಂತೆ ನಕ್ಕಿದ್ದರು.

ಹದಿನಾಲ್ಕು ಜನರನ್ನು ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತು. ಕೇಳಲು ಮುಖ ಬೇಕಲ್ಲ! ಆರು ವರ್ಷದ ಹಿಂದೆ ಅಂಜನಪ್ಪನ ಹೆಂಡತಿ ಚಂದ್ರಕ್ಕ ಹಾಸಿಗೆ ಹಿಡಿದಿದ್ದಾಗ, “ಅವಳಿಗೊಂದು ಚೂರು ಈಲಿ ಜಾಸ್ತಿ ಹಾಕೋ” ಎಂದು ಅಂಜನಪ್ಪ ಇದೇ ಮರದ ಕೆಳಗೆ ಕೇಳಿದ್ದ. “ಪಾಲು ಅಂದ್ರೆ ಪಾಲು ಕಣಣ್ಣ” ಎಂದು ಪಾಪಣ್ಣ ಎಲ್ಲರ ಮುಂದೆ ಹೇಳಿದ್ದ. ಚಂದ್ರಕ್ಕ ಆ ಬೇಸಿಗೆ ದಾಟಲಿಲ್ಲ.

“ಈಲಿ ಕೆಟ್ಟಿತ್ತಣ್ಣ” ಎಂದ ಪಾಪಣ್ಣ, ಮಚ್ಚನ್ನೇ ನೋಡುತ್ತ. “ಬಿಳಿ ಬಿಳಿ ಗಂಟಿದ್ವು. ನಾಯಿಗೆ ಹಾಕ್ದೆ.”

ಬಾಯಿಂದ ಬಿದ್ದ ಮೇಲೆ ತಿಳಿಯಿತು, ಅದೆಂಥ ಸುಳ್ಳೆಂದು. ಗುಡ್ಡೆಗಳತ್ತ ಬಾಗಿದ್ದ ಕೈಗಳೆಲ್ಲ ಹಿಂದೆ ಸರಿದವು. “ಈಲಿಗೇ ಗಂಟಂದ್ರೆ ಹಂದಿಗೆ ಏನೋ ರೋಗ ಐತೆ. ನನ್ನ ಪಾಲು ಬ್ಯಾಡಪ್ಪ” ಎಂದು ಒಬ್ಬ ಚೀಲ ಮಡಚಿದ. ಹಂದಿ ಸಾಕಿ ಮಾರಿದ ಓಬಳೇಶನ ಮುಖ ಬಿಳಿಚಿಕೊಂಡಿತು.

“ಇನ್ನೂ ಹನ್ನೊಂದು ಅವೆ ನಂತಾವ. ರೋಗ ಅಂತ ಸುದ್ದಿ ಹಬ್ಬಿದ್ರೆ ಯಾರು ತಗಂತಾರೆ? ನಿಜ ಹೇಳ್ರಿ ಮಾವ, ಗಂಟಿದ್ವಾ?”

ಪಾಪಣ್ಣ ಅವನನ್ನು ನೋಡಿದ, ಬುಟ್ಟಿಯನ್ನು ನೋಡಿದ. ತನ್ನ ಮಗಳಿಗಾಗಿ ಈ ಹುಡುಗನ ಹೊಟ್ಟೆಯ ಮೇಲೆ ಹೊಡೆಯುವುದೇ? ಕರುಳನ್ನು ತೆಗೆದು ಗೋಣಿಯ ಮೇಲಿಟ್ಟು ದಾರ ಬಿಚ್ಚಿದ. ಕೆಂಪು ಈಲಿ ಸೀಳು ಸೀಳಾಗಿ ಹೊರಬಂತು. ಒಂದು ಕಲೆಯೂ ಇರಲಿಲ್ಲ.

“ಹಂದಿಗೆ ಏನೂ ಆಗಿಲ್ಲ. ಕದ್ದಿದ್ದು ನಾನು. ಜಯಶೀಲಂಗೆ ಮೈಯಾಗೆ ರಕ್ತ ಇಲ್ಲಣ್ಣ, ಮಗೀನ ಎತ್ಕಳಾಕೂ ಆಗ್ತಿಲ್ಲ. ಕೇಳಾಕೆ ಬಾಯಿ ಬರಲಿಲ್ಲ. ಅದ್ರಾಗೂ ನಿನ್ನ ಹೆಂಗೆ ಕೇಳ್ಲಿ?”

ಅಂಜನಪ್ಪ ಈಲಿಯತ್ತ ಬೆರಳು ತೋರಿಸಿದ.

“ಹದಿನಾಲ್ಕು ಮಾಡು.”

“ಅಣ್ಣಾ...”

“ಪಾಲು ಅಂದ್ರೆ ಪಾಲು. ಕುಯ್ಯಿ.”

ಪಾಪಣ್ಣ ಕೊಯ್ದ. ಮೂವತ್ತು ವರ್ಷ ತಕ್ಕಡಿಯಿಲ್ಲದೆ ಸಮಪಾಲು ಹಾಕಿದ ಕೈ ಅವತ್ತು ಮೊದಲ ತುಣುಕಿನಲ್ಲೇ ಅಳತೆ ತಪ್ಪಿತು. ಮೊದಲ ಗುಡ್ಡೆ ಅಂಜನಪ್ಪನದು. ಅಲ್ಲಿಂದ ಶುರುಮಾಡಿ ಎಲ್ಲ ಗುಡ್ಡೆಯ ಪಕ್ಕಕ್ಕೂ ಒಂದೊಂದು ತುಣುಕು ಇಡುತ್ತ ಬಂದ. ಮಗಳಿಗೆ ಏನು ಹೇಳಲಿ ಎಂಬುದೊಂದೇ ಅವನ ತಲೆಯಲ್ಲಿತ್ತು. ಅಂಜನಪ್ಪ ತನ್ನ ಮಾಂಸವನ್ನು ಚೀಲಕ್ಕೆ ಬಳಿದುಕೊಂಡ. ಈಲಿಯ ತುಣುಕನ್ನು ಎತ್ತಿ ಒಂದು ಸಲ ನೋಡಿದ. ಇದ್ದ ಜಾಗದಲ್ಲೇ ಇಟ್ಟು ಹೊರಟ. ಅವನ ಹಿಂದಿದ್ದವನೂ ಹಾಗೇ ಮಾಡಿದ, ಚೀಲ ಮಡಚಿದ್ದವನೂ ಬಿಚ್ಚಿ ಮಾಂಸ ತುಂಬಿಕೊಂಡು ಹಾಗೇ ಮಾಡಿದ. ಪಾಪಣ್ಣ ತಲೆ ತಗ್ಗಿಸಿಕೊಂಡು ಮಚ್ಚು ಒರೆಸುತ್ತಲೇ ಇದ್ದ.

ಓಣಿಯ ತಿರುವಿನಿಂದ ಅಂಜನಪ್ಪನ ದನಿ ಕೇಳಿತು: “ಲೇ, ಕಾರ ಕಮ್ಮಿ ಹಾಕಾಕೆ ಹೇಳು ಬೊಮ್ಮಕ್ಕಂಗೆ! ಹಸಿ ಬಾಣಂತಿ ಅವಳು!”

ಪಾಪಣ್ಣ ತಲೆ ಎತ್ತಿದ. ಗುಡ್ಡೆಗಳೆಲ್ಲ ಹೋಗಿದ್ದವು. ಒದ್ದೆ ಗೋಣಿಯ ಮೇಲೆ, ಒಂದೊಂದು ಗುಡ್ಡೆ ಇದ್ದ ಜಾಗದಲ್ಲಿ ಒಂದೊಂದು ತುಣುಕು ಈಲಿ, ಹದಿನಾಲ್ಕೂ ಸಾಲಾಗಿ ಉಳಿದಿದ್ದವು. ಎಲ್ಲಕ್ಕಿಂತ ದೊಡ್ಡದು ಅಂಜನಪ್ಪನ ಜಾಗದಲ್ಲಿತ್ತು.