ನಾಲ್ಕು ಬೆರಳಿನ ಜಾಗ

"ಗಟ್ಟಿ ಆತ್ರಿ ಬಾಯಾರ," ಎಂದು ಹುಸೇನಬಾಷಾ ಏಣಿಯ ಮೇಲಿನಿಂದ ಹೇಳಿದ. ಸುಳ್ಳು ಹೇಳಿದ. ಕಬ್ಬಿಣದ ಹೊಗೆಕೊಳವೆ ಸಾಗುವಾನಿ ತೊಲೆಗೆ ಮೈ ತಾಗಿಸಿಕೊಂಡೇ ಹೆಂಚು ದಾಟಿತ್ತು.

ಕೆಳಗೆ ನಿಂತಿದ್ದ ತಾರಾಬಾಯಿ, ಅಗ್ಗಿಷ್ಟಿಕೆಯ ಪೆಟ್ಟಿಗೆಯ ಜೊತೆ ಬಂದಿದ್ದ ಇಂಗ್ಲಿಷ್ ಕಾಗದವನ್ನು ಕನ್ನಡದಲ್ಲಿ ಎರಡನೇ ಸಲ ಓದಿ ಹೇಳಿದಳು. ಇಪ್ಪತ್ತು ವರ್ಷ ಸಾಲಿಯಲ್ಲಿ ಕಲಿಸಿದ ದನಿ ಅದು. ಕಟ್ಟಿಗೆಗೂ ಕೊಳವೆಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಇರಬೇಕು, ಅಲ್ಲಿ ಬೆಂಕಿ ಹಿಡಿಯದ ಕಲ್ನಾರಿನ ಬಳೆ ಕೂರಿಸಬೇಕು, ಇಲ್ಲದಿದ್ದರೆ ತೊಲೆ ಒಳಗೊಳಗೇ ಕಾದು ಹೊತ್ತಿಕೊಳ್ಳುತ್ತದೆ.

"ಬಿಟ್ಟೀರಲ್ಲ?"

"ಬಿಟ್ಟೇನ್ರಿ."

ಹಳೇ ಹುಬ್ಬಳ್ಳಿಯಲ್ಲಿ ಹುಸೇನಬಾಷಾನಷ್ಟು ಚೊಕ್ಕಾಗಿ ತಗಡಿನ ಕೆಲಸ ಮಾಡುವವರು ಇರಲಿಲ್ಲ. ಸೋಮಾರಿತನ ಅವನಿಗೆ ಗೊತ್ತಿರಲಿಲ್ಲ. ಆದರೆ ಆ ಜಾಗ ಬಿಡಬೇಕೆಂದರೆ ತೊಲೆಯನ್ನು ಅರ್ಧ ಕೆತ್ತಬೇಕಿತ್ತು. ಎಂದೂ ಉರಿಯದ ಬೆಂಕಿಗಾಗಿ ಒಂಟಿ ಹೆಣ್ಣುಮಗಳ ಮನೆಯ ತೊಲೆ ಕೆಡಿಸಲು ಅವನಿಗೆ ಮನಸ್ಸಾಗಲಿಲ್ಲ.

ಬೆಂಕಿ ಉರಿಯುವುದಿಲ್ಲವೆಂದು ಅವನಿಗೆ ಖಾತ್ರಿಯಾದದ್ದು ಬೆಳಿಗ್ಗೆ, ಅಂಗಳದ ಬಾಗಿಲಲ್ಲೇ. ಪಕ್ಕದ ಮನೆಯ ರಮಾಕಾಂತ ತಡೆದು ನಿಲ್ಲಿಸಿ ಎಲ್ಲ ಹೇಳಿದ್ದ. ತಾರಾಬಾಯಿ ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವನಿಗಾಗಿ ಮದುವೆಯನ್ನೂ ಬಿಟ್ಟವಳು. ಆ ತಮ್ಮ, ದತ್ತು, ಸೈನ್ಯದ ತಂತಿ ವಿಭಾಗದಲ್ಲಿದ್ದ. ಹೋದ ನವೆಂಬರಿನಲ್ಲಿ ಚೀನಾದವರು ನುಗ್ಗಿದಾಗ ಹಿಮದ ಬೆಟ್ಟದಲ್ಲಿ ಕಾಣೆಯಾದನೆಂದು ಸರ್ಕಾರದ ತಂತಿ ಬಂತು. ಮೂರು ತಿಂಗಳು ಆಕೆ ಮಾತೇ ಆಡಲಿಲ್ಲ. ಆಮೇಲೆ ಒಂದು ದಿನ, ದತ್ತುವಿನ ಕಾರ್ಡು ಬಂದಿದೆ, ಅವನು ಮನೆಗೆ ಬರುತ್ತಾನೆ ಎಂದು ಓಣಿಗೆಲ್ಲ ತೋರಿಸಿದಳು.

"ನಾನೂ ನೋಡೇನಿ," ರಮಾಕಾಂತ ದನಿ ತಗ್ಗಿಸಿದ್ದ. "ಅಕ್ಷರ ಅವಂದಲ್ಲ. ಸಣ್ಣ ಹುಡುಗರು ಬರದಂಗ ಅದ. ತಾನಽ ಬರಕೊಂಡಾಳ, ಪಾಪ. ನೀ ಸುಮ್ಮನ ಹೂಂ ಅಂದು ಕೆಲಸ ಮುಗಿಸು."

ಕಾರ್ಡಿನ ಹಿಂದೆಯೇ, ಬರುವ ತಮ್ಮನಿಗೆ ಬೆಚ್ಚಗಿರಲೆಂದು ಆಕೆ ತರಿಸಿದ ಪೆಟ್ಟಿಗೆ ಮುಂಬಯಿಯಿಂದ ಬಂದಿತ್ತು. ಒಳಗೆ ತಯಾರಾಗಿಯೇ ಬಂದ ಕಬ್ಬಿಣದ ಅಗ್ಗಿಷ್ಟಿಕೆ, ಒಂದರೊಳಗೊಂದು ಕೂಡುವ ನಾಲ್ಕು ತುಂಡು ಕೊಳವೆ. ಮಾರ್ಚ್ ತಿಂಗಳು, ಧಾರವಾಡದ ಮಂದಿ ಅಂಗಳದಲ್ಲಿ ಹಾಸಿಗೆ ಹಾಸುವ ಕಾಲ.

ತಾರಾಬಾಯಿ ಅಗ್ಗಿಷ್ಟಿಕೆಯನ್ನು ನೆಲಕ್ಕೆ ತಾಗಿಸಿ ಕೂರಿಸಲು ಹೇಳಿದಳು. ಎರಡೂ ಬದಿಗೆ ಗೋಡೆಯಲ್ಲಿ ಕಬ್ಬಿಣದ ಹಿಡಿಕೆ ಹಾಕಿಸಿದಳು. ಯಾಕೆಂದು ಹುಸೇನಬಾಷಾ ಕೇಳಲಿಲ್ಲ. ಹೂಂ ಅಂದ. ಉಳಿದ ಕಲ್ನಾರಿನ ಬಳೆಯನ್ನು ಪೆಟ್ಟಿಗೆಯ ತಳದ ಹುಲ್ಲಿನಲ್ಲಿ ಮುಚ್ಚಿಟ್ಟ.

ಅವನಿಗೆ ಆಕೆಯ ಮೇಲೆ ನಗು ಬರಲಿಲ್ಲ. ಕಾಯುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಅವನ ತಮ್ಮ ಅಲ್ಲಾಸಾಬ ಮುಂಬಯಿಗೆ ಹೋಗಿ ಹಡಗು ಹತ್ತಿ ಹದಿನಾಲ್ಕು ವರ್ಷವಾಗಿತ್ತು. ಮೊದಲ ಆರು ವರ್ಷ ಹುಸೇನಬಾಷಾ ಶುಕ್ರವಾರಕ್ಕೊಮ್ಮೆ ಹುಬ್ಬಳ್ಳಿ ಸ್ಟೇಶನ್ನಿಗೆ ಹೋಗಿ ಪುಣೆಯ ಗಾಡಿ ನೋಡಿ ಬರುತ್ತಿದ್ದ. ಎರಡು ತಾಟು ತೊಳೆದಿಟ್ಟು ಒಂದರಲ್ಲಿ ಉಣ್ಣುತ್ತಿದ್ದ. ಒಂದು ದಿನ ಎರಡನೆಯ ತಾಟನ್ನು ಯಾರಿಗೋ ಕೊಟ್ಟುಬಿಟ್ಟ. ಆಮೇಲೆ ಮನೆ ಇನ್ನಷ್ಟು ದೊಡ್ಡದಾದಂತೆ ಅನಿಸಿತು, ಅಷ್ಟೇ. ಹೋದವರು ಬರುವುದಿಲ್ಲ. ಇದನ್ನು ತಾರಾಬಾಯಿಗೆ ಹೇಳುವ ಧೈರ್ಯ ಅವನಿಗೆ ಇರಲಿಲ್ಲ. ಅದಕ್ಕೇ ಗಟ್ಟಿ ಆತು ಅಂದ.

ಆಮೇಲೆ ಅವನು ಧಾರವಾಡದಲ್ಲಿ ಆಕೆಯ ಮನೆಯಿದ್ದ ಕೆಲಗೇರಿಯ ಕಡೆಗೇ ಸುಳಿಯಲಿಲ್ಲ. ಅಲ್ಲಿಂದ ಕೆಲಸ ಬಂದರೂ ಬೇರೆಯವರನ್ನು ಕಳಿಸುತ್ತಿದ್ದ.

ಆಷಾಢದಲ್ಲಿ ಹೋಗಲೇಬೇಕಾಯಿತು. ಕೆಲಗೇರಿ ಕೆರೆಯ ಆಚೆ ದಂಡೆಯ ಮನೆಯೊಂದರಲ್ಲಿ ಸೂರಿನ ಮಳೆನೀರು ಹರಿಯುವ ತಗಡಿನ ದೋಣಿ ಸೋರುತ್ತಿತ್ತು. ಮಧ್ಯಾಹ್ನ ಮೂರರ ಸುಮಾರು. ಜಿಟಿಜಿಟಿ ಮಳೆ, ಎಲುಬು ಕೊರೆಯುವ ಗಾಳಿ. ಸೂರಿನ ಮೇಲೆ ಕೂತು ತಲೆ ಎತ್ತಿದರೆ ನೀರಿನಾಚೆ ತಾರಾಬಾಯಿಯ ಮನೆ ಕಂಡಿತು. ತಾನೇ ಕೂರಿಸಿದ ಕೊಳವೆಯಿಂದ ಹೊಗೆ ಏಳುತ್ತಿತ್ತು.

ಬರದವನಿಗಾಗಿ ಬೆಂಕಿ ಹಾಕಿಕೊಂಡು ಕೂತಿದ್ದಾಳೆ ಎಂದುಕೊಂಡ. ಅವನು ನೋಡನೋಡುತ್ತಿದ್ದಂತೆ ಕೊಳವೆಯ ಪಕ್ಕದ ಹೆಂಚಿನ ಸಂದುಗಳಿಂದಲೂ ಹೊಗೆ ಬಂತು. ಅದು ಕಪ್ಪಗಿತ್ತು.

ಹೇಗೆ ಇಳಿದನೋ, ದಂಡೆಯ ಕೆಸರಿನಲ್ಲಿ ಎಷ್ಟು ಸಲ ಬಿದ್ದನೋ ಅವನಿಗೆ ನೆನಪಿರಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು: ನಾಲ್ಕು ಬೆರಳು. ಓಣಿಯಲ್ಲಿ ಕೂಗು ಹಾಕಿದ. ರಮಾಕಾಂತ ಕೊಡ ಹಿಡಿದು ಏಣಿಯತ್ತ ಓಡಿದ. ಹುಸೇನಬಾಷಾ ಬಾಗಿಲಿಗೆ ಹೆಗಲು ಕೊಟ್ಟ.

ಒಳಗೆ ಕಣ್ಣು ಬಿಡಲಾಗದಷ್ಟು ಹೊಗೆ. ಮೇಲೆ ತೊಲೆ ಕೆಂಡವಾಗಿತ್ತು. ಅಗ್ಗಿಷ್ಟಿಕೆಯ ಮುಂದೆ ನೆಲದ ಮೇಲೆ ಎರಡು ಕಂಬಳಿ ಹೊದ್ದ ಮುದ್ದೆಯೊಂದು ಕೆಮ್ಮುತ್ತ, ಗೋಡೆಯ ಹಿಡಿಕೆಯತ್ತ ತೆವಳುತ್ತಿತ್ತು. "ಬಾಯಾರ, ನನ್ನ ಮಾಫ್ ಮಾಡ್ರಿ," ಎನ್ನುತ್ತ ಕಂಬಳಿ ಸಮೇತ ಎತ್ತಿಕೊಂಡ. ಎತ್ತಿದರೆ ಭಾರವೇ ಇಲ್ಲ. ಅನ್ನ ನೀರು ಬಿಟ್ಟಿದ್ದಾಳೇನೋ ಎಂದುಕೊಂಡ.

ಅಂಗಳಕ್ಕೆ ಬಂದ. ಹಿಂದೆ ಹೆಂಚು ಒಡೆದು ನೀರು ಸುರಿಯುವ ಸದ್ದು. ಕಂಬಳಿಯೊಳಗಿನಿಂದ ಒಂದು ಕೈ ಹೊರಬಂದು ಅವನ ಅಂಗಿಯನ್ನು ಬಿಗಿಯಾಗಿ ಹಿಡಿಯಿತು. ಆ ಕೈಗೆ ಹೆಬ್ಬೆರಳು, ಕಿರುಬೆರಳು ಬಿಟ್ಟರೆ ಬೇರೆ ಬೆರಳುಗಳಿರಲಿಲ್ಲ.

ಅಷ್ಟರಲ್ಲಿ ಅಂಗಳದ ಬಾಗಿಲು ತೆರೆಯಿತು. ಸಾಲಿಯಿಂದ ಬಂದ ತಾರಾಬಾಯಿ, ಕೊಡೆ ಮಡಚುವುದನ್ನೂ ಮರೆತು ನಿಂತಳು. ಉರಿಯುವ ಮನೆಯನ್ನು ಆಕೆ ನೋಡಲೇ ಇಲ್ಲ.

"ಕೆಳಗ ಇಳಸಬ್ಯಾಡ್ರಿ," ಎಂದಳು. "ನಮ್ಮ ದತ್ತೂಗ ಇನ್ನೂ ನಿಂದ್ರಲಿಕ್ಕೆ ಬರೂದಿಲ್ಲ."